ಬಾಕಿ ಒಂದೂ ಇಲ್ಲವೆಂದು ಚಪ್ಪಾಳೆ ಬಿದ್ದ ವರ್ಷ

ಮೊನ್ನೆ ಫೋನಿನ ಗಾಜು ಒಡೆದುಹೋಯಿತೆಂದು ಕುಂದಾಪುರ ಪೇಟೆಗೆ ಹೋಗಿದ್ದೆ. ರಿಪೇರಿಯವನು ಹಳೆಯ ಕಟ್ಟಡದ ಮೊದಲನೇ ಮಹಡಿಯಲ್ಲಿದ್ದಾನೆ ಅಂದರು. ಮೆಟ್ಟಿಲು ಹತ್ತುವಾಗಲೇ ಸಂಶಯ ಬಂದಿತ್ತು. ಬಾಗಿಲು ತಳ್ಳಿದ ಕೂಡಲೇ ಮೂಗಿಗೆ ಬಡಿಯಿತು. ಮಳೆಗಾಲದಲ್ಲಿ ನೆಂದು ಎಂದೂ ಪೂರ್ತಿ ಒಣಗದ ನೆಲಹಾಸಿನ ಮುಗ್ಗಲು, ಅದರ ಮೇಲೆ ಇನ್ವರ್ಟರ್ ಬ್ಯಾಟರಿಯ ಹುಳಿ ವಾಸನೆ. ಗೋಡೆಯ ಬಣ್ಣ ಬದಲಾಗಿದೆ, ಬೋರ್ಡು ಬದಲಾಗಿದೆ, ವಾಸನೆ ಮಾತ್ರ ಹಾಗೇ ಇದೆ. "ಕೂಕಣಿ ಮೇಡಂ, ಒಂದ್ ಗಳ್ಗಿ," ಅಂದ ರಿಪೇರಿಯವನು. ಕೂರಲು ಮನಸ್ಸಾಗಲಿಲ್ಲ. ಫೋನು ಅವನ ಕೈಗೆ ಕೊಟ್ಟು ಕೆಳಗಿಳಿದು ರಸ್ತೆ ಬದಿಯ ಬಿಸಿಲಲ್ಲಿ ನಿಂತೆ. ಆ ಕೋಣೆಯ ಮೇಲೆ ನನಗಿರುವ ಸಿಟ್ಟು ಇಷ್ಟು ವರ್ಷಕ್ಕೂ ಇಳಿದಿಲ್ಲ ಎಂದು ಆಗ ಗೊತ್ತಾಯಿತು.

ತೊಂಬತ್ತೇಳರಲ್ಲಿ ಭಾಸ್ಕರ ಸರ್ ಕಂಪ್ಯೂಟರ್ ತರಗತಿ ಸುರು ಮಾಡಿದ್ದು ಆ ಕೋಣೆಯಲ್ಲೇ. ಬಸ್ರೂರಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು, ಕಂಪ್ಯೂಟರಿಗೆ ಧೂಳು ತಾಗಬಾರದು ಎಂಬ ಕಾಲ ಅದು. ಕೆಲವು ವರ್ಷ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ, ಬ್ರಹ್ಮಾವರದ ಕಡೆಯ ಅಕ್ಕ ಒಬ್ಬಳು ಕಣ್ಣು ಕಾಣದ ತನ್ನ ತಮ್ಮನನ್ನು ಕರೆದುಕೊಂಡು ಬಂದಳಂತೆ. ಅವನು ಕೀಲಿಮಣೆಯನ್ನು ಬೆರಳಲ್ಲಿ ತಡವಿ, "ಸರ್, ಇದ್ ಮಾತಾಡುದಿಲ್ಯಾ?" ಎಂದು ಕೇಳಿದನಂತೆ. ಆ ಒಂದು ಪ್ರಶ್ನೆ ಸರ್ ತಲೆಯಲ್ಲಿ ಕೂತುಬಿಟ್ಟಿತು. ಒಬ್ಬರೇ ಕೂತು, ಯಾರ ಸಹಾಯವೂ ಇಲ್ಲದೆ, ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಬರೆದರು. ಅದಕ್ಕೆ 'ಸೊಲ್ಲು' ಎಂದು ಹೆಸರಿಟ್ಟರು. ದುಡ್ಡಿಗೆ ಮಾರಲಿಲ್ಲ. ಯಾರು ಬೇಕಾದರೂ ಬಳಸಿ, ಒಳಗೆ ಹೇಗಿದೆ ನೋಡಿ, ತಪ್ಪಿದ್ದರೆ ತಿದ್ದಿ ಕಳಿಸಿ ಎಂದು ಅಂತರ್ಜಾಲದಲ್ಲಿ ಇಟ್ಟರು. ಇದೆಲ್ಲ ನಿಜ. ಅವರನ್ನು ಬೈಯುವ ಮೊದಲು ಇದಿಷ್ಟನ್ನು ಹೇಳದೆ ಹೋದರೆ ನನ್ನ ನಾಲಗೆ ನನಗೇ ಹೇಸಿಗೆಯಾದೀತು.

ನಾನು ಹೆಮ್ಮಾಡಿಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವಳು. ಅದೂ ಗುತ್ತಿಗೆಯ ಮೇಲೆ. ಎರಡು ಸಾವಿರದ ಹದಿಮೂರರ ಬೇಸಿಗೆಯಲ್ಲಿ ಸರ್ ಸಿಕ್ಕಿ, "ಜ್ಯೋತಿ, ನಿಂಗೆ ಶನಿವಾರ ಪುರ್ಸೊತ್ತಿದ್ರೆ ಸೊಲ್ಲಿನ್ ಕೆಲ್ಸ ಚೂರ್ ಕಾಂತ್ಯಾ?" ಎಂದು ಕೇಳಿದರು. ಹೆಮ್ಮೆಯಿಂದ ಒಪ್ಪಿಕೊಂಡೆ. ಹೋಗಿ ನೋಡಿದರೆ, ಮನೆ ಬಾಗಿಲಿಗೆ ಕರೆಗಂಟೆ ಕಟ್ಟಿ ಮನೆಯವರೆಲ್ಲ ಊರಿಗೆ ಹೋದ ಹಾಗಿತ್ತು. ವರ್ಷಗಟ್ಟಲೆಯಿಂದ ಜನ ದೂರು ಬರೆದಿದ್ದರು. ಇಶ್ಯೂ ಎಂದು ಕರೆಯುವ ಆ ದೂರುಗಳಿಗೆ ಒಂದಕ್ಕೂ ಉತ್ತರ ಇಲ್ಲ. ತಪ್ಪನ್ನು ತಾವೇ ತಿದ್ದಿ, ಇದನ್ನು ಸೇರಿಸಿಕೊಳ್ಳಿ ಎಂದು ಕಳಿಸಿದವರೂ ಇದ್ದರು. ಆ ಪುಲ್ ರಿಕ್ವೆಸ್ಟುಗಳೂ ಸಾಲಾಗಿ ಬಿದ್ದುಕೊಂಡಿದ್ದವು. ಪುಟದಿಂದ ಪುಟಕ್ಕೆ ಹೋದರೂ ಮುಗಿಯುವುದಿಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಆ ಕೋಣೆಗೆ ಬಂದು ಕೂರುತ್ತಿದ್ದೆ. ಹೊರಗೆ ಮಳೆ ಜೋರಾದರೆ ಇಂಟರ್‌ನೆಟ್ಟು ಸಾಯುತ್ತಿತ್ತು, ಗಾಳಿ ಬೀಸಿದರೆ ಕರೆಂಟು. ಇವೆರಡೂ ಇದ್ದ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಕೆಲಸ ಮಾಡಬೇಕು. ಒಂದೇ ದೂರನ್ನು ಹತ್ತು ಜನ ಬರೆದಿದ್ದರೆ ಒಟ್ಟಿಗೆ ಕಟ್ಟುವುದು. "ನಡೆಯುತ್ತಿಲ್ಲ" ಎಂದಷ್ಟೇ ಬರೆದವರಿಗೆ ಏನು ನಡೆಯುತ್ತಿಲ್ಲ, ಯಾವ ಕಂಪ್ಯೂಟರಿನಲ್ಲಿ ಎಂದು ತಿರುಗಿ ಕೇಳುವುದು. ನಿಜವಾದ ತಪ್ಪನ್ನು ಇಲ್ಲಿ ಮಾಡಿ ನೋಡಿ, ತುರ್ತಿನದಕ್ಕೆ ಕೆಂಪು ಪಟ್ಟಿ ಅಂಟಿಸುವುದು. ಧಾರವಾಡದ ಒಬ್ಬರಿಗೆ ಸೊಲ್ಲಿನ ದನಿ ಕರಾವಳಿಯವರ ದನಿ ಹಾಗೆ ಕೇಳುತ್ತದೆ ಎಂಬ ತಕರಾರು. ಇನ್ನೊಬ್ಬರಿಗೆ ಅದು ಉಸಿರು ತೆಗೆಯದೆ ಓದುವುದನ್ನು ಕೇಳಿ ತಮಗೇ ಉಬ್ಬಸ ಬರುತ್ತದಂತೆ. ನಗುತ್ತಲೇ ಉತ್ತರ ಬರೆದೆ. ಮೂರು ವರ್ಷದ ಹಿಂದೆ ದೂರು ಕೊಟ್ಟಿದ್ದ ಶಿವಮೊಗ್ಗದ ಹೆಂಗಸು, "ಯಾರೋ ಇದ್ದೀರಲ್ಲ, ಅಷ್ಟೇ ಸಾಕು" ಎಂದು ಬರೆದಳು. ಜನಕ್ಕೆ ಬೇಕಾದದ್ದು ಮೊದಲಿಗೆ ಅಷ್ಟೇ. ಅದನ್ನು ಕೊಡಲು ಎಂಥ ವಿದ್ಯೆಯೂ ಬೇಡ.

ನನಗೆ ಇಲ್ಲದ್ದು ಒಂದೇ ಅಧಿಕಾರ. ಬಂದ ತಿದ್ದುಪಡಿಯನ್ನು ಮೂಲಕ್ಕೆ ಸೇರಿಸುವ ಕೀಲಿ ಸರ್ ಒಬ್ಬರ ಹತ್ತಿರ ಇತ್ತು. ಕೇಳಿದ್ದಕ್ಕೆ, "ಅದೊಂದ್ ನನ್ ಹತ್ರೇ ಇರ್ಲಿ. ಹತ್ ಕೈ ಸೇರ್ರೆ ಹಾಳಾತ್ತ್," ಅಂದರು. ಅವರು ಹೇಳಿದ್ದು ಸಮ ಎಂದೇ ಆಗ ಅನ್ನಿಸಿತ್ತು.

ಜೂನಿನ ಮೊದಲ ಮಳೆಗೆ ಸುಧಾಕರ ಬಂದ. ಅದೇ ಬ್ರಹ್ಮಾವರದ ಹುಡುಗ, "ಮಾತಾಡುದಿಲ್ಯಾ" ಎಂದು ಕೇಳಿದವನು. ಈಗ ಮೀಸೆ ಬಂದಿತ್ತು, ಪದವಿ ಮುಗಿದಿತ್ತು, ಸೊಲ್ಲನ್ನು ಕೇಳಿ ಕೇಳಿಯೇ ಪ್ರೋಗ್ರಾಂ ಬರೆಯುವುದನ್ನೂ ಕಲಿತಿದ್ದ. ಬೈಂದೂರಿನ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಬಂದ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ಓದಿ, ಯಾರ ಮೇಜಿಗೆ ಹೋಗಬೇಕೋ ಅಲ್ಲಿಗೆ ಕಳಿಸಿ, ಫೋನಿನಲ್ಲಿ ಜನರಿಗೆ ಉತ್ತರ ಹೇಳುವ ಕೆಲಸ. ದಿನಾ ಬ್ರಹ್ಮಾವರದಿಂದ ಬೈಂದೂರಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಆದರೆ ಕೆಲಸ ಖಾಯಂ ಆಗಿರಲಿಲ್ಲ. ದೀಪಾವಳಿಯವರೆಗೆ ನೋಡುತ್ತೇವೆ, ಅಷ್ಟರೊಳಗೆ ಒಬ್ಬನೇ ಎಲ್ಲ ಪತ್ರ ಓದುವಂತಾದರೆ ಇರಲಿ, ಓದಿ ಹೇಳಲು ಪಕ್ಕಕ್ಕೆ ಒಬ್ಬರು ಬೇಕು ಎಂದಾದರೆ ಬೇಡ ಎಂದು ಮ್ಯಾನೇಜರು ಮೊದಲೇ ಹೇಳಿಬಿಟ್ಟಿದ್ದರು.

ತೊಡಕು ಪತ್ರದಲ್ಲೇ ಇತ್ತು. ಅಲ್ಲಿನ ಕಂಪ್ಯೂಟರಿಗೆ ಬರುತ್ತಿದ್ದ ಪತ್ರಗಳಲ್ಲಿ ಅರ್ಧಕ್ಕರ್ಧ ಹಳೆಯ ಮಾದರಿಯ ಕನ್ನಡ ಫಾಂಟಿನಲ್ಲಿ ಬೆರಳಚ್ಚಾದವು. ಕಣ್ಣಿಗೆ ನೋಡಿದರೆ ಚಂದದ ಕನ್ನಡ. ಕಂಪ್ಯೂಟರಿನ ಒಳಗೆ ಮಾತ್ರ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟು. ಸೊಲ್ಲು ಅದನ್ನೇ ಓದುತ್ತಿತ್ತು. "ಮಾನ್ಯರೇ" ಎಂದು ಸುರುವಾಗಬೇಕಾದ ಅರ್ಜಿ "ಎ ಪ್ಲಸ್ ಡಬ್ಲ್ಯು ಸ್ಲ್ಯಾಷ್" ಎಂದು ಸುರುವಾಗುತ್ತಿತ್ತು. ಮನೆಯ ತೆರಿಗೆ, ಗಂಡನ ಪಿಂಚಣಿ, ನೀರಿನ ಜಗಳ, ಎಲ್ಲವೂ ಪ್ಲಸ್ಸು, ಸ್ಲ್ಯಾಷು. ಸುಧಾಕರ ಎರಡು ತಿಂಗಳು ಕೂತು ಆ ಹಳೆಯ ಫಾಂಟನ್ನು ಗುರುತಿಸಿ, ಒಳಗಿಂದೊಳಗೆ ಸರಿಯಾದ ಕನ್ನಡಕ್ಕೆ ತಿರುಗಿಸಿ ಓದುವ ಹಾಗೆ ಬರೆದಿದ್ದ. ಆ ಶನಿವಾರ ತನ್ನ ಲ್ಯಾಪ್‌ಟಾಪ್ ತೆರೆದು ಒಂದು ಅರ್ಜಿ ಓದಿಸಿ ತೋರಿಸಿದ. "ಮಾನ್ಯರೇ, ನಮ್ಮ ಮನೆಯ ಬಾವಿ ನೀರು ಉಪ್ಪಾಗಿದ್ದು" ಎಂದು ಸೊಲ್ಲು ಸಲೀಸಾಗಿ ಓದುವುದನ್ನು ಕೇಳಿ ನನ್ನ ಮೈ ಜುಮ್ಮೆಂದಿತು.

"ಹಂಗಾರೆ ಆಪೀಸಿನ್ ಕಂಪ್ಯೂಟ್ರಿಗೂ ಇದ್ನೇ ಹಾಕ್ಕಂಡ್ರೆ ಮುಗಿತಲೆ?" ಅಂದೆ.

"ಬಿಡುದಿಲ್ಲೆ ಅಕ್ಕ. ಮೂಲದ್ ತಾಣದಿಂದ ಇಳ್ಸಿದ್ ಮಾತ್ರ ಹಾಕುಕೆ ಅಂಬ್ರ್. ಸರ್ ಇದನ್ ಸೇರ್ಸ್ಕಂಡ್ರೆ ಸಾಕ್. ಮತ್ತೆಂತ ತೊಂದ್ರೆ ಇಲ್ಲೆ."

ಅವತ್ತೇ ಅವನ ತಿದ್ದುಪಡಿ ಸಾಲಿಗೆ ಸೇರಿತು. ನಾನು ಅವನ ಲ್ಯಾಪ್‌ಟಾಪಿನಲ್ಲೇ ನನ್ನಿಂದ ಆದಷ್ಟು ಪರೀಕ್ಷೆ ಮಾಡಿ, ಸರಿಯಾಗಿದೆ ಎಂದು ಬರೆದು, ಕೆಂಪು ಪಟ್ಟಿ ಅಂಟಿಸಿ, ಎಲ್ಲಕ್ಕಿಂತ ಮೇಲೆ ಬರುವಂತೆ ಇಟ್ಟೆ. ಸರ್‌ಗೆ ಫೋನೂ ಮಾಡಿದೆ. "ಕಾಂತೆ," ಅಂದರು.

ನಮ್ಮ ಕಡೆಯ 'ಕಾಂತೆ'ಯನ್ನು, ಅಂದರೆ 'ನೋಡುತ್ತೇನೆ' ಎಂಬ ಮಾತನ್ನು, ನಂಬಿದವರು ಯಾರೂ ಬೇಗ ಮನೆ ಸೇರಿದ್ದಿಲ್ಲ. ಒಂದು ತಿಂಗಳು ಕಾದೆ. ಜುಲೈಯಲ್ಲಿ ಒಂದು ಭಾನುವಾರ ಬಸ್ರೂರಿಗೇ ಹೋದೆ. ಸರ್ ಜಗಲಿಯಲ್ಲಿ ಕೂತು ಯಾವುದೋ ಸಭೆಯ ಭಾಷಣ ತಯಾರು ಮಾಡುತ್ತಿದ್ದರು. ಆಗೆಲ್ಲ ಅವರಿಗೆ ವಾರಕ್ಕೊಂದು ಸಭೆ. ಗೋಡೆಯ ಮೇಲೆ ಸನ್ಮಾನದ ಫಲಕಗಳು ಜಾಗವಿಲ್ಲದೆ ಕಿಟಕಿಯ ದಳಿಗೂ ಹತ್ತಿದ್ದವು.

"ಸರ್, ಸುಧಾಕರಂದ್ ಕಂಡ್ರ್ಯಾ?"

"ಕಾಂತೆ ಮಾರಾಯ್ತಿ. ಈಗ ಆಸಾಡಿ ಸುರುವಾಯ್ತಲೆ. ಆಸಾಡಿಯಗೆ ಹೊಸ್ತ್ ಎಂತದೂ ಸೇರ್ಸುಕಾಗ."

ಮೊದಲು ತಮಾಷೆ ಅಂದುಕೊಂಡೆ. ಮುಖ ನೋಡಿದರೆ ತಮಾಷೆಯಲ್ಲ. ಆಸಾಡಿ ತಿಂಗಳಲ್ಲಿ ಮದುವೆ ಮಾಡುವುದಿಲ್ಲ, ಮನೆ ಒಕ್ಕಲು ಮಾಡುವುದಿಲ್ಲ, ಹೊಸ ಅಂಗಡಿ ತೆರೆಯುವುದಿಲ್ಲ; ಇವೆಲ್ಲ ನಮ್ಮ ಅಮ್ಮನೂ ಪಾಲಿಸುತ್ತಾಳೆ. ಕಂಪ್ಯೂಟರಿನ ತಿದ್ದುಪಡಿಗೂ ಆಸಾಡಿ ಹಿಡಿಯುತ್ತದೆ ಎಂದು ಗೊತ್ತಾದದ್ದು ಅವತ್ತೇ.

"ಸರ್, ಅದ್ ಬಂದ್ ತಿಂಗ್ಳಾಯ್ತ್. ಬಪ್ಪತಿಗೆ ಆಸಾಡಿ ಇರ್ಲಿಲ್ಲ."

"ಬಪ್ಪುದ್ ಬೇರೆ, ಸೇರ್ಸುದ್ ಬೇರೆ. ಸೋಣೆ ಬರ್ಲಿ, ಕಾಂಬ. ಉಂಡ್ಕಂಡೇ ಹೋಯ್ಕ್, ಅಡ್ಗಿ ಆಯ್ತ್."

ಉಂಡು ಬಂದೆ. ಪತ್ರೊಡೆ ಚೆನ್ನಾಗಿತ್ತು, ಅದನ್ನು ಸುಳ್ಳು ಹೇಳಲಾರೆ.

ಆಸಾಡಿ ಮುಗಿದು ಸೋಣೆ ತಿಂಗಳು ಬಂತು. ಚೌತಿ ಬಂತು. ಚೌತಿ ಕಳೆಯಲಿ ಅಂದರು. ನವರಾತ್ರಿ ಬಂತು. ಆಯುಧಪೂಜೆಗೆ ಕಂಪ್ಯೂಟರುಗಳಿಗೆ ಕುಂಕುಮ ಹಚ್ಚಿ ಹೂ ಮುಡಿಸಿದರು. ಹೂ ಮುಡಿದ ಕಂಪ್ಯೂಟರನ್ನು ಅವತ್ತು ಮುಟ್ಟುವಂತಿಲ್ಲ. ಇಷ್ಟರ ನಡುವೆ ಸುಧಾಕರ ಬಿಟ್ಟೂಬಿಡದೆ ಶನಿವಾರ ಬರುತ್ತಿದ್ದ. ಕೊಡೆಯಿಂದ ನೀರು ಸುರಿಸುತ್ತ ಗೋಡೆ ಹಿಡಿದು ಮೆಟ್ಟಿಲು ಹತ್ತಿ, ಕೂತ ಮೇಲೆ ಒಂದೇ ಪ್ರಶ್ನೆ. "ಕಂಡ್ರಂಬ್ರಾ ಅಕ್ಕ?" ಇಲ್ಲ ಅಂದರೆ ಬೇಜಾರು ತೋರಿಸುತ್ತಿರಲಿಲ್ಲ. "ಅವ್ರಿಗೆ ಪುರ್ಸೊತ್ತಿಲ್ಲೆ," ಎಂದು ಸರ್ ಪರವಾಗಿ ಅವನೇ ನನಗೆ ಸಮಾಧಾನ ಹೇಳುತ್ತಿದ್ದ. ಕಚೇರಿಯಲ್ಲಿ ಪಕ್ಕದ ಮೇಜಿನವರು ಓದಿ ಹೇಳುತ್ತಿದ್ದರಂತೆ. ಮೊದಮೊದಲು ಕರೆದ ಕೂಡಲೇ ಬರುತ್ತಿದ್ದವರು ಈಗ ಕರೆದರೆ ಕುರ್ಚಿ ಎಳೆಯುವ ಸದ್ದು ಜೋರಾಗಿ ಮಾಡುತ್ತಾರೆ ಅಂದ.

ಸರ್ ಯಾಕೆ ನೋಡಲಿಲ್ಲ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸೋಮಾರಿತನ ಅಲ್ಲ. ಅವರು ಪ್ರೋಗ್ರಾಂ ಬರೆಯುವುದನ್ನು ಬಿಟ್ಟು ವರ್ಷಗಳಾಗಿದ್ದವು. ಸುಧಾಕರ ಬರೆದದ್ದು ಅವರಿಗೆ ಅರ್ಥವಾಗುತ್ತಿರಲಿಲ್ಲ. ಒಮ್ಮೆ ನನ್ನೆದುರೇ ತೆರೆದು ಸ್ವಲ್ಪ ಮೇಲೆ ಕೆಳಗೆ ಸರಿಸಿ, ಕನ್ನಡಕ ತೆಗೆದು ಒರೆಸಿ, ಮುಚ್ಚಿದರು. "ಉದ್ದ ಬರ್ದಿದ್ದ" ಅಂದರು. ಅರ್ಥವಾಗಲಿಲ್ಲ, ನೀವೇ ನೋಡಿ ಎಂದು ಒಂದು ಮಾತು ಹೇಳಿದ್ದರೆ ಹುಬ್ಬಳ್ಳಿ, ಮೈಸೂರು, ಎಲ್ಲಿಂದಾದರೂ ಯಾರಾದರೂ ನೋಡಿಕೊಡುತ್ತಿದ್ದರು. ಆ ಮಾತು ಮಾತ್ರ ಅವರ ಬಾಯಿಗೆ ಬರಲಿಲ್ಲ. ಊರೆಲ್ಲ ಸೊಲ್ಲಿನ ಭಾಸ್ಕರ ಸರ್ ಎಂದು ಕರೆಯುವಾಗ ಸೊಲ್ಲು ತನಗೆ ಅರ್ಥವಾಗುವುದಿಲ್ಲ ಎಂದು ಹೇಳಿಕೊಳ್ಳುವುದು ಹೇಗೆ?

ಅಕ್ಟೋಬರಿನಲ್ಲಿ ನನಗೆ ತಾಳ್ಮೆ ಹರಿಯಿತು. ಸುಧಾಕರನನ್ನು ಕೂರಿಸಿಕೊಂಡು ಹೇಳಿದೆ: ಇಡೀ ಸೊಲ್ಲಿನ ನಕಲು ತೆಗೆದು, ಬೇರೆ ಹೆಸರಿಟ್ಟು, ನಿನ್ನ ತಿದ್ದುಪಡಿ ಸೇರಿಸಿ ನಾವೇ ನಡೆಸುವ. ತಪ್ಪೇನಿಲ್ಲ, ಸರ್ ಅವರೇ ಹಾಗೆ ಬಿಟ್ಟುಕೊಟ್ಟಿದ್ದಾರೆ. ಹೆಸರು ಬೇರೆಯಾದರೂ ಅದಕ್ಕೊಂದು ತಾಣ ಆದರೆ ಕಚೇರಿಯವರನ್ನು ಕೇಳಿ ನೋಡಬಹುದು.

ಅವನು ತಲೆ ಅಲ್ಲಾಡಿಸಿದ. "ಬೇಡ ಅಕ್ಕ. ಮನಿ ಪಾಲ್ ಮಾಡ್ದಾಂಗ್ ಆತ್ತ್. ಸರ್ ಇದನ್ ನಂಗೋಸ್ಕರ ಬರ್ದದ್. ನಾನೇ ಬೇರೆ ಒಲಿ ಹೂಡುದಾ?"

ಅಷ್ಟರಲ್ಲಿ ರಾಜ್ಯೋತ್ಸವ ಬಂತು. ಸರ್‌ಗೆ ದೊಡ್ಡ ಸನ್ಮಾನ. ಸಭಾಂಗಣದಲ್ಲಿ ಕೆಂಪು ಹಳದಿ ಬಾವುಟ, ವೇದಿಕೆಯ ಮೇಲೆ ಹಣ್ಣಿನ ಬುಟ್ಟಿ, ಮಡಚಿಟ್ಟ ಶಾಲು, ಪೇಟ. ಸುಧಾಕರನಿಗೂ ಬರಬೇಕೆಂದು ಹೇಳಿಕಳಿಸಿದ್ದರು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ನನ್ನ ಪಕ್ಕ ಕೂತ. ಎರಡು ದಿನ ಕಳೆದರೆ ದೀಪಾವಳಿ. ಸರ್ ಇವತ್ತು ಖುಷಿಯಲ್ಲಿರುತ್ತಾರೆ, ಸಭೆ ಮುಗಿದ ಮೇಲೆ ಒಂದು ಮಾತು ಕೇಳುವ, ಅಲ್ಲೇ ಸೇರಿಸಿದರೂ ಸೇರಿಸಿಯಾರು ಎಂದು ಅವನ ಲೆಕ್ಕ. ಲ್ಯಾಪ್‌ಟಾಪನ್ನೂ ಚೀಲದಲ್ಲಿ ತಂದಿದ್ದ.

ಸರ್ ಮಾತಾಡಲು ನಿಂತರು. ಕಣ್ಣು ಕಾಣದ ಹುಡುಗನೊಬ್ಬ ಬಂದದ್ದು, ಕೀಲಿಮಣೆ ತಡವಿದ್ದು, "ಮಾತಾಡುದಿಲ್ಯಾ" ಎಂದು ಕೇಳಿದ್ದು, ಎಲ್ಲ ಹೇಳಿದರು. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ಪಕ್ಕ ಕೂತಿದ್ದ ಅದೇ ಹುಡುಗ ನಾಚಿಕೊಂಡು ನಗುತ್ತಿದ್ದ. ಆಮೇಲೆ ಸರ್ ದನಿ ಏರಿಸಿದರು. "ಸಾರ್ವಜನಿಕ ಕೆಲಸ ಎಂದರೆ ದೂರು ಇದ್ದೇ ಇರುತ್ತದೆ. ಆದರೆ ಹೆಮ್ಮೆಯಿಂದ ಹೇಳುತ್ತೇನೆ, ಇವತ್ತಿಗೆ ಸೊಲ್ಲಿನಲ್ಲಿ ಬಾಕಿ ಇರುವ ದೂರು ಒಂದೂ ಇಲ್ಲ!"

ಚಪ್ಪಾಳೆ ಬಿತ್ತು. ಸುಧಾಕರನೂ ತಟ್ಟಿದ. ತಟ್ಟುತ್ತಲೇ ನನ್ನ ಕಡೆ ಬಾಗಿ, "ಹಂಗಾರೆ ನಂದೂ ಆಯ್ತಾ ಅಕ್ಕ?" ಎಂದು ಕೇಳಿದ.

ಫೋನು ತೆಗೆದು ನೋಡಿದೆ. ಬೆಳಿಗ್ಗೆ ಕೂತು ಸರ್ ಎಲ್ಲವನ್ನೂ ಒಟ್ಟಿಗೆ ಗುರುತು ಹಾಕಿ ಮುಚ್ಚಿದ್ದರು. ಧಾರವಾಡದವರದು, ಶಿವಮೊಗ್ಗದ ಹೆಂಗಸಿನದು, ನಾನು ಐದು ತಿಂಗಳು ಕೂತು ವಿಂಗಡಿಸಿದ್ದೆಲ್ಲ. ತಿದ್ದುಪಡಿಗಳೂ ಅದರಲ್ಲೇ. ನೆಂಟರು ಬರುತ್ತಾರೆಂದು ಜಗಲಿಯ ಸಾಮಾನನ್ನೆಲ್ಲ ಮಂಚದ ಕೆಳಗೆ ತಳ್ಳಿದ ಹಾಗೆ. ಎಲ್ಲದರ ಕೆಳಗೂ ಒಂದೇ ಸಾಲು ಅಂಟಿಸಿದ್ದರು.

"ಎಂತ ಅಕ್ಕ? ಓದಿ."

ಅವನಿಗೆ ಅದನ್ನು ನನ್ನ ಬಾಯಿಯಿಂದಲೇ ಓದಿ ಹೇಳಬೇಕಾಯಿತು. "ಹಳೆಯದಾದ ಕಾರಣ ಮುಚ್ಚಲಾಗಿದೆ."

"ಹಳೇದ್ ಆಪ್ದಾಂಗ್ ಮಾಡ್ದದ್ ಯಾರ್ ಅಕ್ಕ?" ಅಂದ. ಅಷ್ಟೇ ಅಂದದ್ದು. ಅಷ್ಟರಲ್ಲಿ ವೇದಿಕೆಯಿಂದ ಅವನ ಹೆಸರು ಕೂಗಿದರು. ಸರ್‌ಗೆ ಶಾಲು ಹೊದಿಸಬೇಕಾದದ್ದು ಅವನ ಕೈಯಿಂದಂತೆ. ನಾನು ಬೇಡ ಅಂದೆ. ಅವನು ಆಗಲೇ ಎದ್ದು ನಿಂತಿದ್ದ. ಸ್ವಯಂಸೇವಕನೊಬ್ಬ ಬಂದು ರಟ್ಟೆ ಹಿಡಿದು ಕರೆದುಕೊಂಡು ಹೋದ. ಸುಧಾಕರ ಶಾಲಿನ ಅಂಚು ತಡವಿ ನೋಡಿ, ನೆಟ್ಟಗೆ ಬಿಡಿಸಿ, ಸರ್ ಹೆಗಲಿಗೆ ಹೊದಿಸಿದ. ಸರ್ ಅವನನ್ನು ತಬ್ಬಿಕೊಂಡರು. ಆ ಫೋಟೋ ಮಾರನೇ ದಿನ ಪತ್ರಿಕೆಯಲ್ಲಿ ಬಂತು. ಇಂಥ ಸಂಕಟ ನನಗೆ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ.

ಪತ್ರಿಕೆ ಬಂದ ದಿನವೇ ನಾನು ಕೂತು ಒಂದೊಂದಾಗಿ ಎಲ್ಲವನ್ನೂ ಮತ್ತೆ ತೆರೆಯತೊಡಗಿದೆ. ಸುಧಾಕರನದನ್ನು ಮೊದಲು ತೆರೆದೆ. ಮಧ್ಯಾಹ್ನ ಸರ್ ಫೋನು ಬಂತು.

"ಎಂತ ಹೆಣ್ಣೇ, ಸನ್ಮಾನದ್ ಮರ್ದಿನವೇ ಮರ್ಯಾದಿ ತೆಗುಕೆ ಹೊರ್ಟದ್ದಾ ನೀನು?"

"ಸರ್, ನಾಡಿದ್ದಿಗೆ ಅವ್ನ್ ಕೆಲ್ಸ ಹೋತ್ತ್. ಒಂದೇ ಒಂದ್ ಸೇರ್ಸಿ. ಬಾಕಿದ್ದೆಲ್ಲ ಮುಚ್ಚೇ ಇರ್ಲಿ."

"ಅವ್ನ್ ನಂಗೆ ಮಗ ಇದ್ದಾಂಗೆ. ನೀನ್ ನಂಗ್ ಹೇಳಿ ಕೊಡ್ಕಾ?"

ಸಂಜೆ ನೋಡುವಾಗ ನನ್ನ ಹೆಸರನ್ನು ತಂಡದಿಂದ ತೆಗೆದಿದ್ದರು. ತೆರೆದದ್ದೆಲ್ಲ ಮತ್ತೆ ಮುಚ್ಚಿತ್ತು.

ದೀಪಾವಳಿ ಕಳೆದು ಕಚೇರಿ ತೆರೆದ ದಿನ ಸುಧಾಕರನ ಕೈಗೆ ಬಿಡುಗಡೆಯ ಕಾಗದ ಕೊಟ್ಟರು. ಅದೂ ಹಳೆಯ ಫಾಂಟಿನದೇ. ಅದರ ಫೈಲನ್ನು ಪೆನ್‌ಡ್ರೈವಿನಲ್ಲಿ ಕೇಳಿ ತಂದು, ಮನೆಯಲ್ಲಿ ಲ್ಯಾಪ್‌ಟಾಪಿಗೆ ಹಾಕಿ, ತಾನೇ ಬರೆದ ತಿದ್ದುಪಡಿಯಿಂದ ಓದಿಸಿ ಕೇಳಿದನಂತೆ. ಒಂದಕ್ಷರ ತಪ್ಪದೆ ಓದಿತು ಎಂದು ಅವನ ಅಕ್ಕ ನನಗೆ ಹೇಳಿದಳು. ಹೇಳುವಾಗ ಅವಳು ಅಳುತ್ತಿದ್ದಳು.

ಚಳಿಗಾಲದಲ್ಲಿ ಹುಬ್ಬಳ್ಳಿಯಿಂದ ಒಬ್ಬರು ನನಗೆ ಮೇಲ್ ಬರೆದರು. ಮಳೆಗಾಲದಲ್ಲಿ ಅವರ ಯಾವುದೋ ದೂರಿಗೆ ನಾನು ಉತ್ತರಿಸಿದ್ದೆನಂತೆ. ಅವರ ಹೆಂಡತಿಗೆ ದೃಷ್ಟಿ ಹೋಗಿ ವರ್ಷವಾಯಿತು, ಮಾವನವರು ಬರೆದಿಟ್ಟ ಬರಹಗಳೆಲ್ಲ ಹಳೆಯ ಫಾಂಟಿನಲ್ಲಿವೆ, ಅಪ್ಪ ಬರೆದದ್ದನ್ನು ಕೇಳಬೇಕೆಂದು ಆಕೆಗೆ ಆಸೆ. ಇದಕ್ಕೊಂದು ತಿದ್ದುಪಡಿ ಬಂದದ್ದನ್ನು ನೋಡಿದ ನೆನಪು, ಈಗ ಸಿಗುತ್ತಿಲ್ಲ, ಎಲ್ಲಿದೆ ಎಂದು ಕೇಳಿದ್ದರು. ಹುಡುಕಿದೆ. ಮುಚ್ಚಿದ ಸಾಲಿನಲ್ಲಿ ಹೆಸರು ಮಾತ್ರ ಇತ್ತು. ನಾವಿದ್ದ ತಾಣದಲ್ಲಿ ಕಳಿಸಿದವರು ತಮ್ಮ ಪ್ರತಿಯನ್ನು ಅಳಿಸಿದರೆ ಇಲ್ಲೂ ಅದರ ಒಳಗಿನದು ಕಾಣುತ್ತಿರಲಿಲ್ಲ.

ಶನಿವಾರ ಬ್ರಹ್ಮಾವರದ ಬಸ್ಸು ಹತ್ತಿದೆ. ಸುಧಾಕರ ಭಾವನ ಅಂಗಡಿಯಲ್ಲಿ ಫೋನು ತೆಗೆದು ಆರ್ಡರು ಕೇಳಿಕೊಳ್ಳುವ ಕೆಲಸ ಮಾಡುತ್ತಿದ್ದ. ನನ್ನ ಹೆಜ್ಜೆ ಸದ್ದಿಗೇ ಗುರುತು ಹಿಡಿದು, "ಬನ್ನಿ ಅಕ್ಕ," ಎಂದು ಸ್ಟೂಲು ತಡವಿ ಮುಂದೆ ಸರಿಸಿದ. ನಾನು ಹುಬ್ಬಳ್ಳಿಯವರ ವಿಷಯ ಹೇಳಿದೆ. ನಿನ್ನ ಲ್ಯಾಪ್‌ಟಾಪಿನಲ್ಲಿ ಇರುವುದನ್ನೇ ಕೊಡು, ಅವರಿಗೆ ಕಳಿಸುತ್ತೇನೆ ಅಂದೆ.

"ಅದ್ ಇಲ್ಲೆ ಅಕ್ಕ. ಎಲ್ಲಾ ಕಡಿಂದೂ ಅಳ್ಸ್ದೆ."

"ಎಂತಕೆ ಸುಧಾಕರ? ಬೇಕಾದವ್ರ್ ಇದ್ರಲೆ!"

ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. "ಬೇಕಾದವ್ರಿಗೆ ಮಳೆಗಾಲ ಪೂರ್ತಿ ಅಲ್ಲೇ ಇದ್ದಿತಲೆ ಅಕ್ಕ," ಅಂದ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅವನು ತೆಗೆದು ಯಾರದೋ ಸಿಮೆಂಟಿನ ಆರ್ಡರನ್ನು ಕೇಳಿಸಿಕೊಳ್ಳತೊಡಗಿದ.

ಹುಬ್ಬಳ್ಳಿಯವರಿಗೆ ಉತ್ತರ ಬರೆಯದೆ ಎರಡು ದಿನ ದೂಡಿದೆ. ಯಾವ ಸಬೂಬೂ ಹೊಂದಲಿಲ್ಲ. ಕೊನೆಗೆ ನಿಜವನ್ನೇ ಬರೆದೆ. ಹೌದು, ಅಂಥದ್ದೊಂದು ಇತ್ತು, ಚೆನ್ನಾಗಿ ಓದುತ್ತಿತ್ತು, ನಾನೇ ಕೇಳಿದ್ದೇನೆ, ಈಗ ಇಲ್ಲ.